ಹುರಿ ಬಿಚ್ಚುವ ಕಿಣ್ವ: ಡಿಎನ್‌ಎ ನಕಲಾಗುವಾಗ ಟೋಪೊಐಸೊಮೆರೇಸ್ ಏನು ಮಾಡುತ್ತದೆ?

ಪರಿಚಯದವರೊಬ್ಬರು ಈಚೆಗೆ ಔಷಧಿ ಡಬ್ಬಿಯೊಳಗಿನ ಮಡಿಕೆ ಕಾಗದ ಹಿಡಿದು ಮನೆಗೆ ಬಂದಿದ್ದರು. ಅವರ ಅಕ್ಕನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಡಾಕ್ಟರು ಬರೆದ ಕೀಮೋ ಪಟ್ಟಿಯಲ್ಲಿ ‘ಇರಿನೋಟೆಕಾನ್’ ಎಂಬ ಹೆಸರಿತ್ತು. ಕಾಗದದಲ್ಲಿ ಅದರ ಮುಂದೆ ‘ಟೋಪೊಐಸೊಮೆರೇಸ್ ಇನ್‌ಹಿಬಿಟರ್’ ಎಂದು ಅಚ್ಚಾಗಿತ್ತು. “ಬಾಯಲ್ಲೇ ಹೊರಳಲ್ಲ ಈ ಪದ. ಇದೇನು ನಮ್ಮ ಮೈಯಲ್ಲೇ ಇರೋದಾ? ಇದನ್ನ ತಡೆದ್ರೆ ಕ್ಯಾನ್ಸರ್ ಹೇಗೆ ಸಾಯತ್ತೆ?” ಎಂದು ಕೇಳಿದರು.

ಕಾಫಿ ಮುಗಿಯುವಷ್ಟರಲ್ಲಿ ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಸರಿಯಾದ ಉತ್ತರಕ್ಕೆ ಜೀವಶಾಸ್ತ್ರದ ಪುಸ್ತಕಕ್ಕಿಂತ ಮೊದಲು ಒಂದು ತುಂಡು ಹಗ್ಗ ಬೇಕು.

ಎರಡೆಳೆಯ ಹಗ್ಗದ ಪ್ರಯೋಗ

ಎರಡು ಎಳೆ ಸೇರಿಸಿ ಹೊಸೆದ ತೆಂಗಿನ ನಾರಿನ ಹಗ್ಗ ಸಿಕ್ಕರೆ ತೆಗೆದುಕೊಳ್ಳಿ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟಿ. ಇನ್ನೊಂದು ತುದಿಯಲ್ಲಿ ಎರಡೂ ಎಳೆಗಳನ್ನು ಬಿಡಿಸಿ, ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಅತ್ತಿತ್ತ ಎಳೆಯಿರಿ. ಮೊದಲ ಒಂದು ಗೇಣು ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಕೈಗೆ ಭಾರವಾಗುತ್ತದೆ. ಇನ್ನೂ ಎಳೆದರೆ ಕಿಟಕಿಯ ಕಡೆಯ ಹಗ್ಗ ತನ್ನ ಮೇಲೆ ತಾನೇ ಸುತ್ತಿಕೊಂಡು ಗಂಟುಗಂಟಾಗಿ ಮುರುಟುತ್ತದೆ. ಅಲ್ಲಿಗೆ ನಿಮ್ಮ ಕೆಲಸ ನಿಂತಿತು.

ಆದದ್ದಿಷ್ಟೇ. ನೀವು ಬಿಡಿಸಿದ ಹುರಿ ಎಲ್ಲೂ ಮಾಯವಾಗಲಿಲ್ಲ, ಮುಂದಕ್ಕೆ ಸರಿಯಿತು. ಹಗ್ಗದ ಆಚೆ ತುದಿ ಬಿಡಿಯಾಗಿದ್ದರೆ ಅದು ಗಿರಗಿರ ತಿರುಗಿ ಹುರಿಯನ್ನು ಕಳೆದುಕೊಳ್ಳುತ್ತಿತ್ತು. ಕಟ್ಟಿಹಾಕಿದ್ದರಿಂದ ತಿರುಗಲಾರದೆ ಹತ್ತು ಸುತ್ತು ಇರಬೇಕಾದ ಜಾಗದಲ್ಲಿ ಹದಿನೈದು, ಇಪ್ಪತ್ತು ಸುತ್ತು ಒತ್ತೊತ್ತಾಗಿ ತುಂಬಿಕೊಂಡವು.

ನಮ್ಮ ಡಿಎನ್‌ಎ ಕೂಡ ಎರಡೆಳೆಯ ಹಗ್ಗವೇ. ಜೀವಕೋಶ ಒಂದಿದ್ದದ್ದು ಎರಡಾಗಬೇಕಾದರೆ ಅದರೊಳಗಿನ ಡಿಎನ್‌ಎ ಮೊದಲು ನಕಲಾಗಬೇಕು. ಎರಡು ಎಳೆಗಳನ್ನು ಬಿಡಿಸಿ, ಒಂದೊಂದರ ಎದುರಿಗೂ ಹೊಸ ಜೊತೆ ಎಳೆಯನ್ನು ಕಟ್ಟುವುದೇ ನಕಲು. ಅಂದರೆ ನೀವು ಕಿಟಕಿಯ ಬಳಿ ಮಾಡಿದ್ದನ್ನೇ ಜೀವಕೋಶವೂ ಮಾಡುತ್ತದೆ. ಹಗ್ಗ ಮಾತ್ರ ತುಸು ಉದ್ದ.

ಎಷ್ಟು ಉದ್ದ, ಎಷ್ಟು ಸುತ್ತು

ಡಿಎನ್‌ಎಯನ್ನು ನೂಲೇಣಿ ಅಂದುಕೊಂಡರೆ ಅದರ ಒಂದೊಂದು ಮೆಟ್ಟಿಲೂ ಎರಡು ‘ಅಕ್ಷರ’ಗಳ ಜೋಡಿ. ನಮ್ಮ ಬಹುತೇಕ ಜೀವಕೋಶಗಳಲ್ಲಿ ಅಂಥ ಸುಮಾರು 640 ಕೋಟಿ ಜೋಡಿಗಳಿವೆ. ಎಲ್ಲವನ್ನೂ ಸಾಲಾಗಿ ಎಳೆದು ಹಿಡಿದರೆ ಉದ್ದ ಸುಮಾರು 2 ಮೀಟರ್. ಇದಿಷ್ಟೂ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ದೊಡ್ಡದಲ್ಲದ ಕೋಶಕೇಂದ್ರದೊಳಗೆ 46 ವರ್ಣತಂತುಗಳಾಗಿ ಮಡಚಿಕೊಂಡು ಕೂತಿರುತ್ತದೆ.

ಈ ಏಣಿ ನೇರವಾಗಿಲ್ಲ, ತಿರುಚಿಕೊಂಡಿದೆ. ಸುಮಾರು ಹತ್ತೂವರೆ ಮೆಟ್ಟಿಲಿಗೆ ಒಂದು ಸುತ್ತು. ಭಾಗಿಸಿ ನೋಡಿದರೆ ಒಂದೊಂದು ಜೀವಕೋಶದಲ್ಲೂ 60 ಕೋಟಿಗೂ ಹೆಚ್ಚು ಸುತ್ತುಗಳಿವೆ. ನಕಲು ಮುಗಿಯುವುದರೊಳಗೆ ಇಷ್ಟನ್ನೂ ಬಿಡಿಸಲೇಬೇಕು. ಒಂದೇ ಒಂದು ಸುತ್ತು ಉಳಿದುಕೊಂಡರೂ ಹಳೆಯ ಎರಡು ಎಳೆಗಳು ಒಂದರಿಂದೊಂದು ಪೂರ್ತಿ ಬೇರೆಯಾಗಲಾರವು.

ಇನ್ನು ವೇಗ. ಮನುಷ್ಯರ ಜೀವಕೋಶದಲ್ಲಿ ನಕಲಿನ ಯಂತ್ರವೊಂದು ಸೆಕೆಂಡಿಗೆ ಸುಮಾರು 30ರಿಂದ 50 ಜೋಡಿ ದಾಟುತ್ತದೆ. ಅಂದರೆ ಸೆಕೆಂಡಿಗೆ ಮೂರರಿಂದ ಐದು ಸುತ್ತಿನಷ್ಟು ಹುರಿಯನ್ನು ಮುಂದಕ್ಕೆ ತಳ್ಳುತ್ತಲೇ ಹೋಗುತ್ತದೆ. ನಮ್ಮ ಅತಿ ದೊಡ್ಡ ವರ್ಣತಂತು ಒಂದನೆಯದು. ಅದರಲ್ಲಿ ಸುಮಾರು 24.9 ಕೋಟಿ ಜೋಡಿಗಳಿವೆ. ಒಂದೇ ಯಂತ್ರ ಒಂದು ತುದಿಯಿಂದ ಶುರುಮಾಡಿದರೆ ಇನ್ನೊಂದು ತುದಿ ಮುಟ್ಟಲು ಎರಡು ತಿಂಗಳು ಹಿಡಿದೀತು. ಹಾಗಾಗಿ ಜೀವಕೋಶ ಸಾವಿರಾರು ಕಡೆ ಏಕಕಾಲಕ್ಕೆ ಕೆಲಸ ಶುರುಮಾಡಿ ಸುಮಾರು ಎಂಟು ಗಂಟೆಯಲ್ಲಿ ಮುಗಿಸುತ್ತದೆ. ಒಂದು ಹಗ್ಗದ ಮೇಲೆ ಸಾಲಾಗಿ ಕೂತ ನೂರಾರು ಜನ ಅಲ್ಲಲ್ಲೇ ಎಳೆ ಬಿಡಿಸುತ್ತಿರುವ ಹಾಗೆ. ಒಬ್ಬನ ಹುರಿ ಪಕ್ಕದವನ ಹುರಿಗೆ ಬಂದು ಡಿಕ್ಕಿ ಹೊಡೆಯುತ್ತದೆ.

ಡಿಎನ್‌ಎಯನ್ನು ಯಾವ ಕಿಟಕಿಗೂ ಕಟ್ಟಿಲ್ಲವಲ್ಲ, ತುದಿ ತಿರುಗಬಾರದೇಕೆ ಎಂದು ಕೇಳಬಹುದು. ಕಟ್ಟಿದಷ್ಟೇ ಆಗಿದೆ. ಅದು ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡು, ಕುಣಿಕೆ ಕುಣಿಕೆಯಾಗಿ ಮಡಚಿ ಅಲ್ಲಲ್ಲಿ ಬಿಗಿದಿದೆ. ಕೋಟಿಗಟ್ಟಲೆ ಜೋಡಿ ಆಚೆಗಿರುವ ತುದಿ ತಿರುಗಿ ಇಲ್ಲಿನ ಬಿಗಿತ ಸಡಿಲವಾಗುವುದು ಆಗದ ಮಾತು.

ವಾಟ್ಸನ್, ಕ್ರಿಕ್ ಕಂಡ ತೊಡಕು

ಈ ಪೇಚು ಹೊಸದೇನಲ್ಲ. ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ 1953ರ ಏಪ್ರಿಲ್‌ನಲ್ಲಿ ಡಿಎನ್‌ಎಯ ರಚನೆ ಪ್ರಕಟಿಸಿದರು. ಮುಂದಿನ ತಿಂಗಳೇ ಬಂದ ಎರಡನೇ ಲೇಖನದಲ್ಲಿ, ಎಲ್ಲವೂ ಸಿಕ್ಕುಸಿಕ್ಕಾಗದೆ ಎಳೆಗಳು ಬಿಡಿಸಿಕೊಳ್ಳುವುದು ಹೇಗೆಂದು ಸದ್ಯಕ್ಕೆ ತೋಚುತ್ತಿಲ್ಲ, ಆದರೂ ಇದು ದಾಟಲಾಗದ ಅಡ್ಡಿಯಲ್ಲ ಎಂಬ ಅರ್ಥದ ಮಾತು ಬರೆದು ಮುಂದೆ ಹೋದರು. ಅವರ ಮಾದರಿಯನ್ನು ಅನುಮಾನದಿಂದ ನೋಡಿದವರಿಗೆ ಇದೇ ದೊಡ್ಡ ಆಕ್ಷೇಪವಾಯಿತು.

1954ರಲ್ಲಿ ಮ್ಯಾಕ್ಸ್ ಡೆಲ್‌ಬ್ರುಕ್ ಎಂಬ ವಿಜ್ಞಾನಿ ಇದನ್ನೇ ಹಿಡಿದು ಕೂತು, ಎಳೆಗಳನ್ನು ಅಲ್ಲಲ್ಲಿ ಕತ್ತರಿಸಿ ಮತ್ತೆ ಸೇರಿಸಿದರೆ ಮಾತ್ರ ಇದು ಬಗೆಹರಿದೀತು ಎಂದು ಸೂಚಿಸಿದರು. ಅವರು ಹೇಳಿದ ವಿವರ ಸರಿಹೋಗಲಿಲ್ಲ, ಕತ್ತರಿಸಿ ಸೇರಿಸುವ ಊಹೆ ಮಾತ್ರ ಗುರಿ ಮುಟ್ಟಿತ್ತು. ಆ ಕೆಲಸ ಮಾಡುವ ಕಿಣ್ವ ಕೈಗೆ ಸಿಗಲು ಇನ್ನೂ ಹದಿನೇಳು ವರ್ಷ ಬೇಕಾಯಿತು. 1971ರಲ್ಲಿ ಜೇಮ್ಸ್ ವಾಂಗ್ ನಮ್ಮ ಕರುಳಲ್ಲೂ ಇರುವ ಇ. ಕೋಲಿ ಬ್ಯಾಕ್ಟೀರಿಯದಲ್ಲಿ ಅಂಥದೊಂದನ್ನು ಕಂಡ ವರದಿ ಪ್ರಕಟಿಸಿದರು. ಮರುವರ್ಷ ಜೇಮ್ಸ್ ಶಾಂಪೂ ಮತ್ತು ರೆನಾಟೊ ಡುಲ್ಬೆಕೊ ಇಲಿಯ ಜೀವಕೋಶದಲ್ಲಿ ಇದೇ ಬಗೆಯ ಕೆಲಸವನ್ನು ಗುರುತಿಸಿದರು.

ಕಿಣ್ವ ಅಂದರೆ ಒಂದು ರಾಸಾಯನಿಕ ಕೆಲಸವನ್ನು ಬೇಗ ಮಾಡಿಸಿ, ತಾನು ಮಾತ್ರ ಖರ್ಚಾಗದೆ ಉಳಿಯುವ ವಸ್ತು. ಬಹುತೇಕ ಕಿಣ್ವಗಳು ಪ್ರೋಟೀನುಗಳು. ಅನ್ನವನ್ನು ತುಸು ಹೆಚ್ಚು ಹೊತ್ತು ಅಗಿದರೆ ಸಿಹಿಯೆನಿಸುವುದು ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವದಿಂದ. ಟೋಪೊಐಸೊಮೆರೇಸ್ ಎಂಬ ಉದ್ದ ಹೆಸರನ್ನೂ ಹೀಗೇ ಬಿಡಿಸಬಹುದು. ಕೊನೆಯ ‘ಏಸ್’ ಕಿಣ್ವಕ್ಕೆ ಹಚ್ಚುವ ಬಾಲ. ‘ಐಸೊಮರ್’ ಅಂದರೆ ಅದೇ ಬಿಡಿಭಾಗ, ಬೇರೆ ಜೋಡಣೆ. ‘ಟೋಪೊ’ ಬಂದದ್ದು ಟೋಪಾಲಜಿಯಿಂದ. ಬಗ್ಗಿಸಿ ಎಳೆದರೂ ಬದಲಾಗದ, ಕತ್ತರಿಸಿದರೆ ಮಾತ್ರ ಬದಲಾಗುವ ಆಕಾರ ಗುಣಗಳನ್ನು ಓದುವ ಗಣಿತ ಅದು. ಒಟ್ಟಿನಲ್ಲಿ, ಡಿಎನ್‌ಎಯ ಒಂದಕ್ಷರವನ್ನೂ ಬದಲಿಸದೆ ಅದರ ಸುತ್ತನ್ನಷ್ಟೇ ಬದಲಿಸುವ ಕಿಣ್ವ.

ಕತ್ತರಿಸಿದವನೇ ತುದಿ ಹಿಡಿದಿರುತ್ತಾನೆ

ನಕಲಿನ ಕೆಲಸಕ್ಕೆ ಒಂದಲ್ಲ, ಹತ್ತಾರು ಕಿಣ್ವಗಳು ಬೇಕು. ಎಳೆಗಳನ್ನು ಬಿಡಿಸುವುದು ಹೆಲಿಕೇಸ್, ಹೊಸ ಅಕ್ಷರ ಜೋಡಿಸುವುದು ಪಾಲಿಮರೇಸ್, ತುಂಡುಗಳನ್ನು ಬೆಸೆಯುವುದು ಲೈಗೇಸ್. ಶಾಲೆಯ ಪಾಠ ಇಷ್ಟಕ್ಕೇ ಮುಗಿಯುವುದೇ ಹೆಚ್ಚು. ಹೆಲಿಕೇಸ್‌ನ ಮುಂದೆ ಹುರಿ ಕಳೆಯುತ್ತ ಹೋಗುವ ಟೋಪೊಐಸೊಮೆರೇಸ್‌ಗೆ ಅಲ್ಲಿ ಒಂದು ಸಾಲು ಸಿಕ್ಕರೆ ಪುಣ್ಯ. ಅದಿಲ್ಲದೆ ಉಳಿದವರ ಕೆಲಸ ಎರಡು ಹೆಜ್ಜೆ ಮುಂದೆ ಸಾಗದು.

ಮನುಷ್ಯರಲ್ಲಿ ಈ ಕುಟುಂಬದ ಆರು ಕಿಣ್ವಗಳಿವೆ. ನಕಲಿನ ಯಂತ್ರದ ಮುಂದಿನ ಬಿಗಿತವನ್ನು ಸಡಿಲಿಸುವ ಮುಖ್ಯ ಕೆಲಸಗಾರನ ಹೆಸರು ಟೋಪೊಐಸೊಮೆರೇಸ್-1. ಅದರ ಜೀನು 20ನೇ ವರ್ಣತಂತುವಿನಲ್ಲಿದೆ. ಕಿಣ್ವ 765 ಅಮೈನೊ ಆಮ್ಲಗಳ, ಅಂದರೆ ಪ್ರೋಟೀನಿನ ಬಿಡಿಭಾಗಗಳ, ಸರಪಳಿ. ಆ ಸರಪಳಿ ಮಡಚಿಕೊಂಡಾಗ ಡಿಎನ್‌ಎಯನ್ನು ಸುತ್ತಲೂ ಹಿಡಿಯುವ ಮುಷ್ಟಿಯಂತಾಗುತ್ತದೆ. ಡಿಎನ್‌ಎಯನ್ನು ಹಿಡಿದ ಸ್ಥಿತಿಯಲ್ಲಿ ಅದರ ಆಕಾರ ಹೇಗಿರುತ್ತದೆಂದು ವಿಜ್ಞಾನಿಗಳು 1998ರಲ್ಲಿ ಬಿಡಿಸಿ ತೋರಿಸಿದರು.

ಮುಷ್ಟಿ ಡಿಎನ್‌ಎಯ ಮೇಲೆ ಮುಚ್ಚಿಕೊಳ್ಳುತ್ತದೆ. ಸರಪಳಿಯ 723ನೇ ಜಾಗದಲ್ಲಿರುವ ಟೈರೊಸಿನ್ ಎಂಬ ಅಮೈನೊ ಆಮ್ಲ ಎರಡು ಎಳೆಗಳಲ್ಲಿ ಒಂದನ್ನು ಮಾತ್ರ ಕತ್ತರಿಸುತ್ತದೆ. ಕತ್ತರಿಸಿ ಬಿಟ್ಟುಬಿಡುವುದಿಲ್ಲ, ಒಂದು ತುದಿಯನ್ನು ತನಗೇ ಅಂಟಿಸಿಕೊಳ್ಳುತ್ತದೆ. ಬಿಡಿಯಾದ ಇನ್ನೊಂದು ತುದಿ ಅಖಂಡವಾಗಿರುವ ಎಳೆಯ ಸುತ್ತ ಗಿರ್ರನೆ ತಿರುಗುತ್ತದೆ. ಒಳಗೆ ಕೂಡಿಟ್ಟಿದ್ದ ಹುರಿ ಹೀಗೆ ಖಾಲಿಯಾಗುತ್ತದೆ. ಸಾಕಷ್ಟು ಸಡಿಲವಾದ ಮೇಲೆ ಎರಡು ತುದಿಗಳೂ ಎದುರುಬದುರಾಗಿ ಮತ್ತೆ ಬೆಸೆದುಕೊಳ್ಳುತ್ತವೆ. ಟೈರೊಸಿನ್ ಕೈಬಿಡುತ್ತದೆ, ಮುಷ್ಟಿ ತೆರೆಯುತ್ತದೆ.

ಜೋಕಾಲಿಯಲ್ಲಿ ಕೂತ ಮಗು ನೆಲಕ್ಕೆ ಕಾಲೊತ್ತಿ ಸುತ್ತಿ ಸುತ್ತಿ ಎರಡೂ ಹಗ್ಗ ಹೆಣೆದುಕೊಳ್ಳುವಂತೆ ಮಾಡಿ, ಆಮೇಲೆ ಕಾಲೆತ್ತಿದರೆ ಏನಾಗುತ್ತದೆ? ಯಾರೂ ತಳ್ಳದಿದ್ದರೂ ಜೋಕಾಲಿ ತಾನೇ ತಿರುಗುತ್ತದೆ. ಇಲ್ಲಿ ನಡೆಯುವುದೂ ಅದೇ. ತಿರುಗಿಸುವ ಬಲ ಹುರಿಯಲ್ಲೇ ಇದೆ. ಈ ಕಿಣ್ವ ಜೀವಕೋಶದ ಇಂಧನವಾದ ಎಟಿಪಿಯನ್ನು ಖರ್ಚು ಮಾಡುವುದಿಲ್ಲ. ಮತ್ತೆ ಬೆಸೆಯಲಾದರೂ ಶಕ್ತಿ ಬೇಡವೇ? ಕತ್ತರಿಸಿದ ತುದಿಯನ್ನು ಟೈರೊಸಿನ್ ಹಿಡಿದುಕೊಂಡದ್ದು ಅದಕ್ಕೇ. ಮುರಿದ ಬಂಧದ ಶಕ್ತಿ ಆ ಹಿಡಿತದಲ್ಲಿ ಅಡವಿಟ್ಟಂತೆ ಉಳಿದಿರುತ್ತದೆ, ಬೆಸೆಯುವಾಗ ವಾಪಸಾಗುತ್ತದೆ.

ಒಂದು ಸಲ ಕತ್ತರಿಸಿದಾಗ ಎಷ್ಟು ಸುತ್ತು ಕಳೆಯುತ್ತದೆ? ಹುರಿ ಬಿಗಿಯಾಗಿದ್ದರೆ ಹೆಚ್ಚು, ಸಡಿಲವಿದ್ದರೆ ಕಡಿಮೆ. ಒಂದೇ ಒಂದು ಡಿಎನ್‌ಎ ಅಣುವನ್ನು ಹಿಡಿದು ತಿರುಚಿ ನೋಡುವ ಪ್ರಯೋಗಗಳಲ್ಲಿ ಇದು 2005ರಲ್ಲಿ ಕಂಡುಬಂತು. ತಿರುಗುವ ತುದಿ ಕಿಣ್ವದ ಒಳಗೋಡೆಗೆ ಉಜ್ಜಿಕೊಂಡೇ ತಿರುಗುತ್ತದೆ, ಹಾಗಾಗಿ ಅದು ಹದ್ದುಮೀರಿ ಓಡುವುದಿಲ್ಲ. ಬಾವಿಯ ಹಗ್ಗವನ್ನು ಒಮ್ಮೆಲೇ ಬಿಡದೆ ಅಂಗೈಗೆ ತಾಗಿಸಿಕೊಂಡು ಇಳಿಬಿಡುತ್ತೇವಲ್ಲ, ಅಂಥದೇ ತಡೆ.

ಸಿಕ್ಕಿಕೊಂಡ ಸರದ ಕೊಂಡಿ

ಹುರಿಯೆಲ್ಲ ಮುಂದಕ್ಕೇ ಹೋಗುವುದಿಲ್ಲ. ಒಂದಷ್ಟು ಹಿಂದಕ್ಕೂ ಜಾರಿ, ಆಗಷ್ಟೇ ತಯಾರಾದ ಎರಡು ಹೊಸ ಡಿಎನ್‌ಎಗಳು ಪರಸ್ಪರ ಹೆಣೆದುಕೊಳ್ಳುತ್ತವೆ. ಇಲ್ಲಿ ಒಂದೆಳೆ ಕತ್ತರಿಸಿದರೆ ಸಾಲದು, ಇಡೀ ಹಗ್ಗವನ್ನೇ ಕತ್ತರಿಸಿ ಇನ್ನೊಂದು ಹಗ್ಗಕ್ಕೆ ದಾರಿ ಬಿಡಬೇಕು. ಒಡವೆ ಡಬ್ಬಿಯಲ್ಲಿ ಎರಡು ಸರ ಒಂದಕ್ಕೊಂದು ತೊಡಕಿಕೊಂಡಾಗ ಒಂದರ ಕೊಂಡಿ ಬಿಚ್ಚಿ, ಇನ್ನೊಂದನ್ನು ಆ ಸಂದಿಯಿಂದ ಆಚೆ ದಾಟಿಸಿ, ಕೊಂಡಿ ಹಾಕುವುದಿಲ್ಲವೇ? ಟೋಪೊಐಸೊಮೆರೇಸ್-2 ಮಾಡುವುದು ಅದನ್ನೇ. ಎರಡೂ ಎಳೆ ಕತ್ತರಿಸಿ, ಎರಡೂ ತುದಿಗಳನ್ನು ಹಿಡಿದುಕೊಂಡು, ನಡುವೆ ಇನ್ನೊಂದು ಡಿಎನ್‌ಎಯನ್ನು ತೂರಿಸಿ, ಮತ್ತೆ ಬೆಸೆಯುತ್ತದೆ. ಇದಕ್ಕೆ ಮಾತ್ರ ಎಟಿಪಿ ಬೇಕು.

ಮನುಷ್ಯರಲ್ಲಿ ಇದು ಎರಡು ರೂಪದಲ್ಲಿದೆ. ಆಲ್ಫಾ ರೂಪ ಒಡೆದು ಎರಡಾಗುತ್ತಿರುವ ಜೀವಕೋಶಗಳಲ್ಲಿ ಹೇರಳ, ಬೀಟಾ ರೂಪ ಒಡೆಯುವುದನ್ನು ನಿಲ್ಲಿಸಿದ ಜೀವಕೋಶಗಳಲ್ಲೂ ಇರುತ್ತದೆ. ಈ ವ್ಯತ್ಯಾಸ ನೆನಪಿರಲಿ, ಹೃದಯದ ಮಾತು ಬಂದಾಗ ಬೇಕಾಗುತ್ತದೆ.

ಔಷಧಿ ತಡೆಯುವುದಲ್ಲ, ಸಿಕ್ಕಿಸುವುದು

ಈಗ ಆ ಮಡಿಕೆ ಕಾಗದದ ಪದಕ್ಕೆ ಬರೋಣ. ಇನ್‌ಹಿಬಿಟರ್ ಅಂದರೆ ತಡೆಯುವಂಥದ್ದು. ನನ್ನ ಪ್ರಕಾರ ಈ ಪದವೇ ಅರ್ಧ ಗೊಂದಲಕ್ಕೆ ಕಾರಣ. ಓದಿದವರು ಕಿಣ್ವದ ಕೆಲಸ ನಿಂತಿತು, ಅದಕ್ಕೇ ಜೀವಕೋಶ ಸತ್ತಿತು ಎಂದುಕೊಳ್ಳುತ್ತಾರೆ. ನಡೆಯುವುದು ಬೇರೆ.

ಕಿಣ್ವ ಎಳೆಯನ್ನು ಕತ್ತರಿಸಿ ಹಿಡಿದಿರುವ ಆ ಒಂದು ಕ್ಷಣವನ್ನು ಔಷಧಿ ಹೊಂಚು ಹಾಕಿರುತ್ತದೆ. ಇರಿನೋಟೆಕಾನ್ ಗುಂಪಿನ ಔಷಧಿಗಳ ಅಣು ಚಪ್ಪಟೆ. ಅದು ಕತ್ತರಿಸಿದ ಎರಡು ತುದಿಗಳ ನಡುವಿನ ಸಂದಿಗೆ ಬೆಣೆಯ ಹಾಗೆ ಹೋಗಿ ಕೂರುತ್ತದೆ. ತುದಿಗಳು ಎದುರುಬದುರಾಗಲು ಆಗುವುದಿಲ್ಲ. ಕಿಣ್ವ ಬೆಸೆಯಲಾರದೆ, ಬಿಡಲೂ ಆಗದೆ ಡಿಎನ್‌ಎಗೆ ಅಂಟಿಕೊಂಡೇ ನಿಲ್ಲುತ್ತದೆ.

ಇಷ್ಟಕ್ಕೇ ಜೀವಕೋಶ ಸಾಯುವುದಿಲ್ಲ. ಬೆಣೆ ಜಾರಿಹೋದರೆ ಎಳೆ ಬೆಸೆದುಕೊಳ್ಳುತ್ತದೆ, ಏನೂ ಆಗಿಲ್ಲವೆಂಬಂತೆ. ಅನಾಹುತವಾಗುವುದು ಅದೇ ಹೊತ್ತಿಗೆ ನಕಲಿನ ಯಂತ್ರ ಅಲ್ಲಿಗೆ ಬಂದರೆ. ರಿಪೇರಿಗೆಂದು ಹಳಿ ಬಿಚ್ಚಿಟ್ಟ ಜಾಗಕ್ಕೆ ರೈಲು ನುಗ್ಗಿದ ಹಾಗೆ. ಒಂದೆಳೆಯಲ್ಲಿದ್ದ ಸಣ್ಣ ಸೀಳು ಆ ಡಿಕ್ಕಿಯಲ್ಲಿ ಡಿಎನ್‌ಎಯೇ ತುಂಡಾಗುವ ಗಾಯವಾಗುತ್ತದೆ. ಅಂಥ ಗಾಯಗಳು ಹೆಚ್ಚಾದರೆ ಜೀವಕೋಶ ತನ್ನನ್ನು ತಾನೇ ಕೊಂದುಕೊಳ್ಳುವ ದಾರಿ ಹಿಡಿಯುತ್ತದೆ.

ಕ್ಯಾನ್ಸರ್ ಜೀವಕೋಶಗಳು ಬಿಡುವಿಲ್ಲದೆ ನಕಲು ಮಾಡುತ್ತಿರುತ್ತವೆ. ಅಲ್ಲಿ ರೈಲುಗಳ ಓಡಾಟ ಜಾಸ್ತಿ, ಆದ್ದರಿಂದ ಡಿಕ್ಕಿಗಳೂ ಜಾಸ್ತಿ. ಆದರೆ ನಕಲು ಮಾಡುವವು ಅವಷ್ಟೇ ಅಲ್ಲ. ಕರುಳಿನ ಒಳಪದರ, ರಕ್ತಕಣಗಳನ್ನು ತಯಾರಿಸುವ ಮೂಳೆಮಜ್ಜೆ, ಕೂದಲ ಬುಡ ಇವೆಲ್ಲ ಆರೋಗ್ಯವಂತರಲ್ಲೂ ಬೇಗಬೇಗ ಒಡೆದು ಎರಡಾಗುವ ಜೀವಕೋಶಗಳ ತಾಣ. ಕೀಮೋ ಪಡೆಯುವವರಿಗೆ ಭೇದಿ, ಬಿಳಿ ರಕ್ತಕಣಗಳ ಇಳಿತ, ಕೂದಲು ಉದುರುವಿಕೆ ಕಾಣುವುದು ಇದರಿಂದ.

ಔಷಧಿ ಕೊಲ್ಲುವುದು ಕಿಣ್ವದ ಕೊರತೆಯಿಂದಲ್ಲ ಎಂಬುದಕ್ಕೆ ಯೀಸ್ಟ್ ಮೇಲಿನ ಪ್ರಯೋಗ ಒಳ್ಳೆಯ ಸಾಕ್ಷಿ. ಬ್ರೆಡ್ ಹಿಟ್ಟು ಉಬ್ಬಿಸುವ ಯೀಸ್ಟ್‌ನಲ್ಲಿ ಟೋಪೊಐಸೊಮೆರೇಸ್-1ರ ಜೀನನ್ನೇ ತೆಗೆದುಹಾಕಿದರೂ ಅದು ಬದುಕುತ್ತದೆ. ಆ ಕೆಲಸವನ್ನು ಎರಡನೆಯ ಕಿಣ್ವ ಹೇಗೋ ನಿಭಾಯಿಸುತ್ತದೆ. ಅಂಥ ಯೀಸ್ಟ್‌ಗೆ ಔಷಧಿ ಹಾಕಿದರೆ ಏನೂ ಆಗುವುದಿಲ್ಲ. ಕಿಣ್ವ ಇರುವ ಯೀಸ್ಟ್ ಮಾತ್ರ ಪೆಟ್ಟು ತಿನ್ನುತ್ತದೆ. ಕಿಣ್ವ ಹೆಚ್ಚಿದ್ದಷ್ಟೂ ಔಷಧಿಯ ಪೆಟ್ಟು ಹೆಚ್ಚು. ಅದಕ್ಕೇ ಈ ಕ್ಷೇತ್ರದವರು ಇವನ್ನು ‘ಟೋಪೊಐಸೊಮೆರೇಸ್ ವಿಷ’ ಎಂದೇ ಕರೆಯುತ್ತಾರೆ. ಔಷಧಿಯ ಕೈಯಲ್ಲಿ ಕಿಣ್ವವೇ ಆಯುಧ.

ಚೀನಾದ ಮರ, ನಮ್ಮ ಘಟ್ಟದ ಮರ

ಈ ಗುಂಪಿನ ಮೂಲವಸ್ತುವಿನ ಹೆಸರು ಕ್ಯಾಂಪ್ಟೊಥೆಸಿನ್. ಕ್ಯಾಂಪ್ಟೊಥೆಕಾ ಅಕ್ಯುಮಿನೇಟಾ ಎಂಬ ಚೀನಾ ಮೂಲದ ಮರದಿಂದ ಅದನ್ನು ಬೇರ್ಪಡಿಸಿ 1966ರಲ್ಲಿ ವರದಿ ಮಾಡಿದವರು ಅಮೆರಿಕದ ಮನ್ರೊ ವಾಲ್ ಮತ್ತು ಮನ್ಸುಖ್ ವಾಣಿ. ವಾಣಿ ಹುಟ್ಟಿದ್ದು ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ. ಟ್ಯಾಕ್ಸಾಲ್ ಎಂಬ ಇನ್ನೊಂದು ಹೆಸರಾಂತ ಕ್ಯಾನ್ಸರ್ ಔಷಧಿಯೂ ಇದೇ ಜೋಡಿಯ ಪ್ರಯೋಗಾಲಯದಿಂದ ಬಂತು.

1970ರ ದಶಕದ ಆರಂಭದಲ್ಲಿ ರೋಗಿಗಳ ಮೇಲೆ ನಡೆದ ಪರೀಕ್ಷೆಗಳು ಅರ್ಧಕ್ಕೇ ನಿಂತವು. ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಕರಗದು. ಕರಗಲೆಂದು ಅದನ್ನು ಸೋಡಿಯಂ ಲವಣವಾಗಿ ಮಾಡಿ ಕೊಟ್ಟಾಗ ಅಣುವಿನ ಒಂದು ಉಂಗುರ ತೆರೆದುಕೊಂಡು ಅದರ ಶಕ್ತಿಯೇ ಕುಂದುತ್ತಿತ್ತು. ಮೂತ್ರಕೋಶದಲ್ಲಿ ರಕ್ತಸ್ರಾವದಂಥ ತೊಂದರೆಗಳು ಮಾತ್ರ ಉಳಿದವು. ಅದು ಏನನ್ನು ಹಿಡಿಯುತ್ತದೆ ಎಂಬುದೇ ಆಗ ಯಾರಿಗೂ ಗೊತ್ತಿರಲಿಲ್ಲ. ಹಿಡಿಯುವುದು ಟೋಪೊಐಸೊಮೆರೇಸ್-1ನ್ನು ಎಂದು 1985ರಲ್ಲಿ ಲೆರಾಯ್ ಲಿಯು ಅವರ ತಂಡ ತೋರಿಸಿದ ಮೇಲೆ ಮೂಲೆ ಸೇರಿದ್ದ ಅಣುವಿಗೆ ಮರುಜೀವ ಬಂತು. ಅದನ್ನು ಸ್ವಲ್ಪ ಮಾರ್ಪಡಿಸಿ, ನೀರಿನಲ್ಲಿ ಕರಗುವಂತೆ ಮಾಡಿದ ಟೋಪೊಟೆಕಾನ್ ಮತ್ತು ಇರಿನೋಟೆಕಾನ್ ಎರಡಕ್ಕೂ 1996ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು.

ಕನ್ನಡದ ಓದುಗರಿಗೆ ಇದರಲ್ಲಿ ಮನೆ ಹಿತ್ತಿಲಿನಷ್ಟೇ ಹತ್ತಿರದ ಒಂದು ಕೊಂಡಿಯಿದೆ. 1972ರಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಇದೇ ವಸ್ತುವನ್ನು ಭಾರತದ ಒಂದು ಗಿಡದಲ್ಲಿ ಕಂಡರು. ಆಗ ಅದರ ಹೆಸರು ಮ್ಯಾಪಿಯಾ ಫೀಟಿಡಾ, ಈಗ ನೋಥಪೊಡೈಟಿಸ್ ನಿಮ್ಮೋನಿಯಾನ. ಪಶ್ಚಿಮ ಘಟ್ಟದ ಸಣ್ಣ ಮರ. ‘ಫೀಟಿಡಾ’ ಅಂದರೆ ನಾರುವಂಥದ್ದು. ಕನ್ನಡದ ‘ದುರ್ವಾಸನೆ ಮರ’ ಎಂಬ ಹೆಸರೂ ಅದನ್ನೇ ಹೇಳುತ್ತದೆ. ಔಷಧಿಗೆ ಬೇಡಿಕೆ ಏರಿದಂತೆ ಕಾಡಿನಿಂದ ಈ ಮರವನ್ನು ಎಗ್ಗಿಲ್ಲದೆ ಕಡಿದು ಸಾಗಿಸಿದ್ದರಿಂದ ಅದು ಅಪಾಯದಲ್ಲಿರುವ ಮರಗಳ ಸಾಲಿಗೆ ಸೇರಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಘಟ್ಟದ ಬೇರೆಬೇರೆ ಭಾಗಗಳ ಮರಗಳಲ್ಲಿ ಕ್ಯಾಂಪ್ಟೊಥೆಸಿನ್ ಎಷ್ಟೆಷ್ಟಿದೆ ಎಂದು ಅಳೆದಿದ್ದಾರೆ. ಮರದಿಂದ ಮರಕ್ಕೆ ವ್ಯತ್ಯಾಸ ಬಹಳ. ಹೆಚ್ಚು ಇಳುವರಿಯ ಮರಗಳನ್ನು ಗುರುತಿಸಿ ತೋಟದಲ್ಲಿ ಬೆಳೆದರೆ ಕಾಡಿನ ಮೇಲಿನ ಒತ್ತಡ ತಗ್ಗುತ್ತದೆ ಎಂಬುದು ಇಂಥ ಅಳತೆಯ ಹಿಂದಿನ ಲೆಕ್ಕ.

ಹೆಸರಿನ ಬಾಲ ನೋಡಿ

ಔಷಧಿ ಚೀಟಿ ಓದುವವರಿಗೆ ಒಂದು ಸುಳಿವು. ಹೆಸರು ‘ಟೆಕಾನ್’ ಎಂದು ಮುಗಿದರೆ ಅದು ಕ್ಯಾಂಪ್ಟೊಥೆಸಿನ್ ವಂಶದ್ದು, ಹಿಡಿಯುವುದು ಟೋಪೊಐಸೊಮೆರೇಸ್-1ನ್ನು. ಈಚೆಗೆ ಸುದ್ದಿಯಲ್ಲಿರುವ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್ ಎಂಬ ಸ್ತನ ಕ್ಯಾನ್ಸರ್ ಔಷಧಿಯ ಬಾಲವನ್ನೂ ಗಮನಿಸಿ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇದರಲ್ಲಿ ಎರಡು ಭಾಗಗಳಿವೆ. ಒಂದು, ಹರ್-2 ಎಂಬ ಗುರುತಿರುವ ಜೀವಕೋಶವನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯ. ಇನ್ನೊಂದು, ಅದರ ಬೆನ್ನಿಗೆ ಕಟ್ಟಿದ ‘ಟೆಕಾನ್’ ಅಣುಗಳು, ಒಂದು ಪ್ರತಿಕಾಯಕ್ಕೆ ಸುಮಾರು ಎಂಟು. ವಿಷವನ್ನು ಊರಿಗೆಲ್ಲ ಹಂಚದೆ ವಿಳಾಸ ಬರೆದು ಕಳಿಸುವ ಉಪಾಯ. ಆದರೂ ಅಡ್ಡಪರಿಣಾಮ ಪೂರ್ತಿ ತಪ್ಪಿಲ್ಲ.

ಎಟೊಪೊಸೈಡ್ ಹಿಡಿಯುವುದು ಟೋಪೊಐಸೊಮೆರೇಸ್-2ನ್ನು. ಪೊಡೊಫಿಲಮ್ ಎಂಬ ಸಸ್ಯವರ್ಗದಲ್ಲಿ ಸಿಗುವ ವಸ್ತುವನ್ನು ಮಾರ್ಪಡಿಸಿ ಅದನ್ನು ತಯಾರಿಸುತ್ತಾರೆ. ಈ ವರ್ಗದ ಒಂದು ಗಿಡ ಹಿಮಾಲಯದಲ್ಲಿ ಬೆಳೆಯುತ್ತದೆ. ಕೀಮೋ ವಾರ್ಡಿನಲ್ಲಿ ಕೆಂಪು ಬಣ್ಣದಿಂದಲೇ ಗುರುತು ಸಿಗುವ ಡಾಕ್ಸೊರುಬಿಸಿನ್ ಕೂಡ ಇದೇ ಕಿಣ್ವವನ್ನು ಸಿಕ್ಕಿಸುತ್ತದೆ. ಅದನ್ನು ಕೊಡುವಾಗ ವೈದ್ಯರು ಎಕೋ ಪರೀಕ್ಷೆ ಮಾಡಿಸಿ ಹೃದಯದ ಮೇಲೆ ಕಣ್ಣಿಡುತ್ತಾರೆ. ಹೃದಯದ ಸ್ನಾಯುಕೋಶಗಳು ಒಡೆದು ಎರಡಾಗುವುದೇ ಅಪರೂಪ, ಅಲ್ಲಿ ಆಲ್ಫಾ ರೂಪ ಇರುವುದಿಲ್ಲ. ಮತ್ತೆ ಪೆಟ್ಟು ಬೀಳುವುದು ಹೇಗೆ? ಬೀಟಾ ರೂಪದ ಮೂಲಕ. ಹೃದಯದಲ್ಲಿ ಬೀಟಾ ಇಲ್ಲದಂತೆ ಮಾಡಿದ ಇಲಿಗಳಿಗೆ ಈ ಔಷಧಿಯ ಹಾನಿ ತಟ್ಟಲಿಲ್ಲವೆಂದು 2012ರಲ್ಲಿ ವರದಿಯಾಯಿತು. ಈ ಗುಂಪಿನ ಔಷಧಿಗಳಿಗೆ ಇನ್ನೊಂದು ಅಪಾಯವೂ ಇದೆ. ಎರಡೂ ಎಳೆ ತುಂಡಾದ ಡಿಎನ್‌ಎ ಅಪರೂಪಕ್ಕೆ ತಪ್ಪು ತುದಿಗೆ ಬೆಸೆದುಕೊಂಡು, ವರ್ಷಗಳ ಮೇಲೆ ರಕ್ತದ ಕ್ಯಾನ್ಸರ್ ಹುಟ್ಟಬಹುದು.

ಹೆಸರು ‘ಫ್ಲಾಕ್ಸಾಸಿನ್’ ಎಂದು ಮುಗಿದರೆ? ಸಿಪ್ರೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್ ನುಂಗದ ಮನೆ ಕಡಿಮೆ. ಅವೂ ಟೋಪೊಐಸೊಮೆರೇಸನ್ನೇ ಸಿಕ್ಕಿಸುವ ಔಷಧಿಗಳು, ಆದರೆ ಬ್ಯಾಕ್ಟೀರಿಯದ್ದನ್ನು. ಅವುಗಳ ಗೈರೇಸ್ ಎಂಬ ಕಿಣ್ವ ನಮ್ಮ ಟೋಪೊಐಸೊಮೆರೇಸ್-2ಕ್ಕೆ ದೂರದ ನೆಂಟ. ಔಷಧಿ ನಂಟಿನ ಮೇಲಲ್ಲ, ಆ ದೂರದ ಮೇಲೆ ನಿಂತಿದೆ. ಬ್ಯಾಕ್ಟೀರಿಯದ ಕಿಣ್ವಕ್ಕೆ ಸರಿಯಾಗಿ ಕೂರುವ ಬೆಣೆ ಚಿಕಿತ್ಸೆಯ ಪ್ರಮಾಣದಲ್ಲಿ ನಮ್ಮದಕ್ಕೆ ಅಷ್ಟಾಗಿ ಕೂರುವುದಿಲ್ಲ.

ರಕ್ತಪರೀಕ್ಷೆಯ ವರದಿಯಲ್ಲಿ ‘ಎಸ್‌ಸಿಎಲ್-70’ ಎಂಬುದನ್ನು ಕಂಡವರೂ ಇರಬಹುದು. ಚರ್ಮ ಬಿಗಿಯಾಗಿ ಗಡಸಾಗುವ ಸ್ಕ್ಲೀರೊಡರ್ಮಾ ರೋಗದಲ್ಲಿ ದೇಹ ತನ್ನದೇ ಟೋಪೊಐಸೊಮೆರೇಸ್-1ರ ವಿರುದ್ಧ ಪ್ರತಿಕಾಯ ತಯಾರಿಸುವುದುಂಟು. ಆ ಪರೀಕ್ಷೆ ಹುಡುಕುವುದು ಅದನ್ನು. ಕೀಮೋಗೂ ಇದಕ್ಕೂ ಸಂಬಂಧವಿಲ್ಲ.

ಮರ ತಾನೇಕೆ ಸಾಯುವುದಿಲ್ಲ?

ನಮ್ಮ ಪರಿಚಯದವರಿಗೆ ಇದಿಷ್ಟನ್ನೂ ಮತ್ತೊಂದು ದಿನ ಕೂತು ಹೇಳಿದೆ. ಎಲ್ಲ ಕೇಳಿಸಿಕೊಂಡು ಅವರು ಒಂದು ಪ್ರಶ್ನೆ ಹಾಕಿದರು. “ಆ ಮರಕ್ಕೂ ಜೀವಕೋಶ ಇದೆ, ಅದರದ್ದೂ ಡಿಎನ್‌ಎ ನಕಲಾಗಬೇಕು. ಮೈತುಂಬ ಈ ವಿಷ ಇಟ್ಟುಕೊಂಡು ಅದು ಹೇಗೆ ಬೆಳೆಯತ್ತೆ?”

ಜಪಾನಿನ ಸಂಶೋಧಕರು ಇದನ್ನೇ ಕೇಳಿಕೊಂಡು 2008ರಲ್ಲಿ ಉತ್ತರ ಪ್ರಕಟಿಸಿದ್ದಾರೆ. ಮನುಷ್ಯರ ಕಿಣ್ವದಲ್ಲಿ ಕತ್ತರಿಸುವ ಟೈರೊಸಿನ್ ಇರುವುದು 723ನೇ ಜಾಗದಲ್ಲಿ ಎಂದೆನಲ್ಲ, ಅದರ ಪಕ್ಕದ 722ನೇ ಜಾಗದಲ್ಲಿ ಆಸ್ಪರಜಿನ್ ಎಂಬ ಅಮೈನೊ ಆಮ್ಲವಿದೆ. ಕ್ಯಾಂಪ್ಟೊಥೆಸಿನ್ ಬೆಣೆಗೆ ಆಸರೆ ಸಿಗುವುದು ಅಲ್ಲೇ. ಚೀನಾದ ಆ ಮರದ ಕಿಣ್ವದಲ್ಲಿ ಇದಕ್ಕೆ ಸಾಟಿಯಾದ ಜಾಗದಲ್ಲಿ ಆಸ್ಪರಜಿನ್ ಇಲ್ಲ, ಸೆರಿನ್ ಇದೆ. ಬೆಣೆಗೆ ಹಿಡಿತ ಸಿಗುವುದಿಲ್ಲ. ಮರ ತನ್ನ ವಿಷಕ್ಕೆ ತಾನು ಬಲಿಯಾಗದೆ ಎಳೆ ಕತ್ತರಿಸಿ, ಹುರಿ ಕಳೆದು, ಬೆಸೆಯುತ್ತಲೇ ಇರುತ್ತದೆ.

722ನೇ ಜಾಗದ ಇದೇ ಅದಲುಬದಲು ಪ್ರಯೋಗಾಲಯದಲ್ಲಿ ಅದಕ್ಕೂ ಮೊದಲೇ ಒಮ್ಮೆ ಕಂಡಿತ್ತು. ಕ್ಯಾಂಪ್ಟೊಥೆಸಿನ್ ಹಾಕಿ ಹಾಕಿ ಬೆಳೆಸಿದ ಮನುಷ್ಯರ ರಕ್ತಕ್ಯಾನ್ಸರ್ ಜೀವಕೋಶಗಳಲ್ಲಿ, ಔಷಧಿಗೆ ಬಗ್ಗದೆ ಉಳಿದುಕೊಂಡವುಗಳಲ್ಲಿ.